ಇತಿಹಾಸ ವಿಭಾಗಕ್ಕೆ ಕನ್ಯೆ ಬೇಕಾಗಿದೆ

ಬೆಳಗಾವಿ ಜಿಲ್ಲೆಯಲ್ಲಿ ನಮ್ಮ ಮಾಮಾನಷ್ಟು ಮನೆಗಳಿಗೆ ಹೋಗಿ "ಹುಡುಗಿ ಇದ್ದಾಳೇನು?" ಎಂದು ಕೇಳಿದ ಗಂಡಸು ಇನ್ನೊಬ್ಬನಿಲ್ಲ. ಅದೂ ಮಾಮಿ ಮನೆಯಲ್ಲಿ ಗಟ್ಟಿಮುಟ್ಟಾಗಿ ಇರುವಾಗಲೇ, ಅವರೇ ಇಸ್ತ್ರಿ ಮಾಡಿಕೊಟ್ಟ ಅಂಗಿ ತೊಟ್ಟುಕೊಂಡು! ತಪ್ಪು ತಿಳಿಯಬೇಡಿ. ಮಾಮಾ ಬೆಳಗಾವಿಯ ಖಾಸಗಿ ಡಿಗ್ರಿ ಕಾಲೇಜೊಂದರಲ್ಲಿ ಇತಿಹಾಸದ ಪ್ರಾಧ್ಯಾಪಕರು. ಪಿಯುಸಿ ರಿಸಲ್ಟ್ ಬಂದ ಮರುದಿನದಿಂದ ಅವರ ಕೆಲಸ ಪಾಠ ಹೇಳುವುದಲ್ಲ, ಪಾಠ ಕೇಳುವವರನ್ನು ಹುಡುಕುವುದು. ಹಿಂದೆ ಮಕ್ಕಳು ಕಾಲೇಜು ಹುಡುಕಿಕೊಂಡು ಬರುತ್ತಿದ್ದರಂತೆ. ಈಗ ಕಾಲೇಜೇ ಚಪ್ಪಲಿ ಮೆಟ್ಟಿಕೊಂಡು ಹಳ್ಳಿ ಹಳ್ಳಿ ಸುತ್ತುತ್ತದೆ.

ಮಾಮಾಗೆ ಇತಿಹಾಸವೆಂದರೆ ಬರೀ ವಿಷಯವಲ್ಲ, ಚಟ. ಮಾಮಿ ಬಟಾಟಿ, ಅಂದರೆ ಆಲೂಗಡ್ಡೆ, ತರಲು ಕಳಿಸಿದರೆ, ಮಾರುವವಳ ಮುಂದೆ ಕುಕ್ಕರುಗಾಲಲ್ಲಿ ಕೂತು, "ನೋಡವಾ, ಬಟಾಟಿ ಅನ್ನೂ ಹೆಸರು ಪೋರ್ಚುಗೀಸರ್ದು. ಹಡಗಿನ್ಯಾಗ ಗೋವಾಕ್ಕ ಬಂತು, ಅಲ್ಲಿಂದ ಘಾಟ ಹತ್ತಿ ನಮ್ಮ ಕಡೆ ಬಂತು" ಎಂದು ಶುರು ಹಚ್ಚುತ್ತಾರೆ. ಒಮ್ಮೆ ಆಕೆ ತಕ್ಕಡಿ ಕೆಳಗಿಟ್ಟು ಕೈಮುಗಿದಳು. "ಸರ್ರ, ಪೋರ್ಚುಗೀಸರು ಹೋಗಿ ಭಾಳ ದಿವಸ ಆತು. ನೀವೂ ಹೋಗ್ರಿ, ಹಿಂದ ಗಿರಾಕಿ ನಿಂತಾರ!" ಮಾಮಾ ಖುಷಿಯಿಂದ ಮನೆಗೆ ಬಂದರು. ಪೋರ್ಚುಗೀಸರು ಹೋದದ್ದು ಆಕೆಗೆ ಗೊತ್ತಿತ್ತಲ್ಲ! ಬಟಾಟಿ ಮಾತ್ರ ತಂದಿರಲಿಲ್ಲ.

ಇಂಥವರು ಕೆಲಸ ಮಾಡುವ ಕಾಲೇಜಿನ ಚೇರ್ಮನ್ನರಿಗೆ ಊರ ಕೈಗಾರಿಕಾ ಪ್ರದೇಶವಾದ ಉದ್ಯಮಬಾಗದಲ್ಲಿ ಕಬ್ಬಿಣ ಎರಕ ಹೊಯ್ಯುವ ಫೌಂಡ್ರಿ ಇದೆ. ಕಾಲೇಜನ್ನು ಅವರು 'ಎರಡನೇ ಯುನಿಟ್' ಎಂದೇ ಕರೆಯುತ್ತಾರೆ. ಮೀಟಿಂಗಿನಲ್ಲಿ ಅವರ ಭಾಷಣ ಕೇಳಬೇಕು! ಹೋದ ವರ್ಷ ಸ್ಕಿಲ್ ಸ್ಕಿಲ್ ಎನ್ನುತ್ತಿದ್ದರು, ಈ ವರ್ಷ ಎಐ. ಡಿಗ್ರಿ ಮೂರು ವರ್ಷವೋ ನಾಲ್ಕು ವರ್ಷವೋ ಎಂದು ಸರ್ಕಾರಗಳೇ ತಿರುಗಾಮುರುಗಾ ಮಾಡುತ್ತಿರುವಾಗ, ಮೊಬೈಲಿನಲ್ಲೇ ಡಿಗ್ರಿ ಕೊಡುತ್ತೇವೆಂದು ಎಲ್ಲೆಲ್ಲಿಂದಲೋ ಫೋನು ಬರುತ್ತಿರುವಾಗ, ಪಾಪ, ಅವರಾದರೂ ಏನು ಮಾಡಿಯಾರು? ಗೋಡೆಗೆ ಬಣ್ಣ ಹೊಡೆಸಿದರು. ಲೈಬ್ರರಿಯನ್ನು 'ಇನ್ನೊವೇಶನ್ ಸೆಂಟರ್' ಮಾಡಿ, ಪುಸ್ತಕಗಳನ್ನು ಜಿಮ್ಮಿನ ಹಿಂದಿನ ಕೋಣೆಗೆ ಸಾಗಿಸಿದರು. ಆಮೇಲೆ ಮಾಮಾನನ್ನು ಕರೆಸಿದರು.

"ಸರ್ರ, ಖರೇ ಹೇಳ್ರಿ, ನಿಮ್ಮ ಇತಿಹಾಸಕ್ಕ ಮಾರ್ಕೆಟ್ ಐತೇನ್ರಿ?"

"ಮಾರ್ಕೆಟ್ಟಿಗೂ ಇತಿಹಾಸ ಐತ್ರಿ, ಹೇಳ್ಲೇನು?"

ಚೇರ್ಮನ್ನರು ಹೇಳಿಸಿಕೊಳ್ಳಲಿಲ್ಲ. ಜೂನ್ ಮುಗಿಯುವುದರೊಳಗೆ ಇತಿಹಾಸಕ್ಕೆ ಐದು ಮಕ್ಕಳು ಸೇರದಿದ್ದರೆ ವಿಭಾಗಕ್ಕೆ ಬೀಗ, ಮಾಮಾಗೆ ಹಾಸ್ಟೆಲ್ಲಿನ ಮೇಲ್ವಿಚಾರಣೆ ಎಂದು ಹೇಳಿ ಎದ್ದರು. ಊರೂರಿಗೆ ಕಟ್ಟಲು ಒಂದು ಬ್ಯಾನರನ್ನೂ ಕೊಟ್ಟರು. ಹಿಂದಿಯಲ್ಲಿದ್ದ ಜಾಹೀರಾತನ್ನು ಎಐನಿಂದಲೇ ಕನ್ನಡಕ್ಕೆ ಇಳಿಸಿದ ಬ್ಯಾನರು! ಖಾನಾಪುರದ ಬಸ್‌ಸ್ಟ್ಯಾಂಡಿನ ಎದುರು ಕಟ್ಟಿ, ನಾನೂ ಮಾಮಾನೂ ಕೆಳಗಿಳಿದು ಓದಿದೆವು: "ಉನ್ನತ ಶಿಕ್ಷೆ, ಈಗ ನಿಮ್ಮ ಮನೆ ಬಾಗಿಲಿಗೆ!"

ಹಿಂದಿಯಲ್ಲಿ ಶಿಕ್ಷಾ ಎಂದರೆ ವಿದ್ಯೆ. ಕನ್ನಡದಲ್ಲೂ ಮರಾಠಿಯಲ್ಲೂ ಅದು ದಂಡನೆಯೇ ತಾನೆ? ಬಸ್ಸಿಗೆ ಕಾದಿದ್ದ ಅಜ್ಜನೊಬ್ಬ ಹತ್ತಿರ ಬಂದು ಕೇಳಿದ. "ಸಾಹೇಬ್ರ, ಜರಾ ಸಣ್ಣ ಶಿಕ್ಷಾ ಇಲ್ಲೇನ್ರಿ? ಉನ್ನತದ್ದು ತಡ್ಕೊಳ್ಳೂ ತಾಕತ್ತಿಲ್ಲ." ನಾನು ನಾಚಿ ಬ್ಯಾನರು ಬಿಚ್ಚಲು ಹೋದರೆ ಮಾಮಾ ತಡೆದರು. "ಇರ್ಲಿ ಬಿಡೋ. ಕನ್ನಡದವ್ರೂ ಮರಾಠಿಯವ್ರೂ ಒಂದ ಅರ್ಥಾ ಮಾಡ್ಕೊಂಡಾರ. ಈ ಗಡಿಯೊಳಗ ಇಂಥ ಒಗ್ಗಟ್ಟು ನಾ ಕಂಡಿದ್ದಿಲ್ಲ!"

ಹೇಗೋ ನಾಲ್ಕು ಮಕ್ಕಳು ಸಿಕ್ಕರು. ಐದನೆಯ ಒಬ್ಬರಿಗಾಗಿ ಮಾಮಾ ನನ್ನ ಬೈಕಿನ ಹಿಂದೆ ಕೂತು ಖಾನಾಪುರ ತಾಲೂಕಿನ ಪಾರಿಶ್ವಾಡಕ್ಕೆ ಬಂದರು. ಅಲ್ಲೊಂದು ಮನೆಯ ಹುಡುಗಿ ಪಿಯುಸಿಯಲ್ಲಿ ಒಳ್ಳೆಯ ಅಂಕ ತೆಗೆದಿದ್ದಾಳೆಂಬ ಸುದ್ದಿ. ಅಂಗಳದಲ್ಲಿ ಕಾಲಿಡುವುದೇ ತಡ, ಮನೆಯ ಯಜಮಾನರು ಓಡಿ ಬಂದರು. "ಬರ್ರಿ ಬರ್ರಿ, ಬೆಳಗಾವಿಯವರಲ್ಲೇನ್ರಿ? ಕುಂದರ್ರಿ!" ಕಾಲಿಗೆ ನೀರು, ಹೊಸ ಜಮಖಾನೆ, ಶಿರಾ, ಉಪ್ಪಿಟ್ಟು! ಮಾಮಾನ ಕಣ್ಣು ಒದ್ದೆಯಾಯಿತು. "ನೋಡು, ವಿದ್ಯಾಕ್ಕ ಹಳ್ಯಾಗ ಇನ್ನೂ ಎಷ್ಟ ಮರ್ಯಾದಿ ಐತಿ" ಎಂದು ನನ್ನ ಕಿವಿಯಲ್ಲಿ ಉಸುರಿದರು. ಅದೇ ದಿನ, ಅದೇ ಹೊತ್ತಿಗೆ ಬೆಳಗಾವಿಯಿಂದ ಕನ್ಯೆ ನೋಡುವವರು ಬರಲಿದ್ದರು ಎಂಬುದು ನಮಗೆ ಹೇಗೆ ಗೊತ್ತಾಗಬೇಕು?

"ನಿಮ್ಮ ಹುಡುಗಿನ್ನ ನಮಗ ಕೊಡ್ರಿ. ಮೂರು ವರ್ಷ ಚಂದಂಗ ನೋಡ್ಕೋತೇವಿ" ಎಂದರು ಮಾಮಾ.

ಯಜಮಾನರು ಗಾಬರಿಯಾದರು. "ಮೂರ ವರ್ಷೇನ್ರಿ? ಆಮ್ಯಾಲ?"

"ಆಮ್ಯಾಲ ನಿಮಗ ಬಿಟ್ಟದ್ದು. ಬ್ಯಾರೆ ಕಡೆ ಕಳಸ್ರಿ, ನಮ್ಮದೇನೂ ಅಡ್ಡಿ ಇಲ್ಲ."

ಅವರು ನನ್ನನ್ನು ಮೇಲಿಂದ ಕೆಳಗಿನವರೆಗೆ ನೋಡಿದರು. ನಾನು ಶಿರಾದ ತಟ್ಟೆ ಕೆಳಗಿಟ್ಟೆ. ಮಾಮಾ ಮಾತ್ರ ನಿಲ್ಲಲಿಲ್ಲ. "ಈಗಾಗ್ಲೇ ನಾಲ್ಕ ಮಂದಿ ಬಂದಾರ್ರಿ. ನಿಮ್ಮಾಕಿ ಬಂದ್ರ ಐದು ಪೂರಾ ಆಗ್ತಾವ!"

"ಐದು ಮಂದೀನ! ಇವ್ರೊಬ್ರಿಗೆ?"

ಒಳಬಾಗಿಲಲ್ಲಿ ಸೀರೆಯುಟ್ಟು ಚಹಾದ ತಾಟು ಹಿಡಿದು ನಿಂತಿದ್ದ ಹುಡುಗಿಗೇ ಎಲ್ಲರಿಗಿಂತ ಮೊದಲು ಹೊಳೆದದ್ದು. ಕಪ್ಪುಗಳು ಕಿಣಿಕಿಣಿ ಎನ್ನುವಷ್ಟು ನಕ್ಕಳು. "ಅಪ್ಪಾ, ಇವ್ರು ಕಾಲೇಜಿನವ್ರು!" ಎಂದವಳು ನಗು ನಿಲ್ಲಿಸಿ, ಮಾಮಾನ ಕಡೆ ತಿರುಗಿದಳು. "ಸರ್ರ, ನಿಮ್ಮಲ್ಲಿ ಇತಿಹಾಸ ಐತೇನ್ರಿ? ನನಗ ಅದ ಓದೂದೈತಿ." ಮಾಮಾನನ್ನು ಇಷ್ಟು ವರ್ಷಗಳಲ್ಲಿ ಯಾರೂ ತಾವಾಗಿ ಹಾಗೆ ಕೇಳಿರಲಿಲ್ಲ.

"ಅದನ್ನ ಓದಿದ್ರ ನೌಕ್ರಿ ಸಿಗ್ತೈತೇನ್ರಿ?" ಎಂದರು ಯಜಮಾನರು. ನೂರಕ್ಕೆ ನೂರು ಸಿಗುತ್ತದೆ ಎನ್ನಬೇಕೆಂದು ಚೇರ್ಮನ್ನರ ಕಟ್ಟಪ್ಪಣೆಯಿತ್ತು.

"ಗೊತ್ತಿಲ್ರಿ" ಎಂದುಬಿಟ್ಟರು ಮಾಮಾ! "ಈಗ ಮಷೀನ ಎಲ್ಲಾ ಬರಿಯಾಕತ್ತಾವ. ನನ್ನ ನೌಕ್ರಿನ ಉಳಿತೈತೋ ಇಲ್ಲೋ ಗೊತ್ತಿಲ್ಲ. ಆದ್ರ ಆಕಿ ಪ್ರಶ್ನಿ ಕೇಳಾಕ ಕಲೀತಾಳ."

"ಅದ ನಮಗ ಅಂಜಿಕಿ ನೋಡ್ರಿ."

ಅಷ್ಟರಲ್ಲಿ ನಿಜವಾದ ಬೀಗರ ಕಾರು ಬಂತು. ನಾವು ಹಿತ್ತಿಲ ಬಾಗಿಲಿನಿಂದ ಪಾರಾದೆವು. ಐದನೆಯದು ಕೈತಪ್ಪಿತು ಎಂದುಕೊಂಡೆ. ಆದರೆ ವಾರದೊಳಗೆ ಆ ಯಜಮಾನರದೇ ಫೋನು ಬಂತು. ಮದುವೆಯಾದ ಮೇಲೆ ಓದು ಬೇಡ ಎಂದ ಬೀಗರಿಗೆ ಹುಡುಗಿ, "ಯಾಕ್ರಿ?" ಎಂದು ಕೇಳಿದಳಂತೆ. ಅವರು ಎದ್ದೇ ಹೋದರಂತೆ. "ಕಲಿಸ್ತೇನ್ರಿ ಸರ್ರ. ಆದ್ರ ಬೆಳಗಾವಿ ದೂರ ಆಕೈತಿ. ದೀಪಾ ಹಚ್ಚೂದ್ರಾಗ ಆಕಿ ಮನ್ಯಾಗ ಇರಬೇಕು."

"ಕಾಲೇಜ ಬಸ್ಸು ಮನಿ ಮುಂದ ಬರ್ತೈತಿ ಅನ್ರಿ" ಎಂದು ವಿಷಯ ತಿಳಿದ ಚೇರ್ಮನ್ನರು ಮಾಮಾಗೆ ಹೇಳಿಕೊಟ್ಟರು. "ಅಡ್ಮಿಷನ್ ಆಗ್ಲಿ, ಆಮ್ಯಾಲ ನೋಡೂಣು." ನಮ್ಮ ಕಾಲೇಜಿನ ಬಸ್ಸು ಬೆಳಗಾವಿ ಬಿಟ್ಟು ಆಚೆ ಹೋದದ್ದನ್ನು ಯಾರೂ ಕಂಡಿಲ್ಲ. ಮಾಮಾ ಆಯಿತೆಂಬಂತೆ ತಲೆ ಅಲ್ಲಾಡಿಸಿ ಬಂದರು.

ಜೂನ್ ಕೊನೆಯ ದಿನ ಬೆಳಿಗ್ಗೆ, "ನಡಿ, ಖಾನಾಪುರಕ್ಕ" ಎಂದರು. ಹುಡುಗಿಯನ್ನು ಕರೆತರಲು ಎಂದುಕೊಂಡು ನಾನು ಬೈಕು ಓಡಿಸಿದೆ. ಅವರು ನಿಲ್ಲಿಸಲು ಹೇಳಿದ್ದು ಖಾನಾಪುರದ ಸರ್ಕಾರಿ ಡಿಗ್ರಿ ಕಾಲೇಜಿನ ಮುಂದೆ. ಪಾರಿಶ್ವಾಡಕ್ಕೆ ಅದೇ ಹತ್ತಿರ, ಇತಿಹಾಸವೂ ಅಲ್ಲಿದೆ. ಮಾಮಾ ಮೊದಲೇ ಹೇಳಿದ್ದಂತೆ ಅಪ್ಪ ಮಗಳು ಪಾರಿಶ್ವಾಡದ ಬಸ್ಸಿನಿಂದ ಇಳಿದು ಕಾಯುತ್ತಿದ್ದರು.

"ಮಾಮಾ, ಹುಚ್ಚ ಹಿಡದೈತೇನ್ರಿ? ಆಕಿ ಐದನೇದಾಕಿ! ನಿಮ್ಮ ವಿಭಾಗ ಮುಚ್ಚತಾರ!"

"ಮುಚ್ಚಲಿ. ಹುಡುಗಿ ಓದಬೇಕೋ, ನಾ ಉಳೀಬೇಕೋ?"

ನನಗೆ ಸಿಟ್ಟು ಬಂತು, ಅಳುವೂ ಬಂತು. ಕೌಂಟರಿನಲ್ಲಿ ಮಾಮಾನೇ ಎಲ್ಲರಿಗಿಂತ ಮುಂದೆ ನಿಂತು, ಕಾಗದಗಳನ್ನು ಒಂದೊಂದಾಗಿ ಒಳಗೆ ಕೊಡುತ್ತಿದ್ದರು. ಕ್ಲರ್ಕು ಕನ್ನಡಕದ ಮೇಲಿಂದ ನೋಡಿ ಹುಡುಗಿಯನ್ನು ಕೇಳಿದ.

"ಅಪ್ಪ ಇವ್ರು, ತಿಳೀತು. ಇವ್ರ್ಯಾರು?"

"ನಮ್ಮ ಸರ್ರು" ಎಂದಳು ಹುಡುಗಿ.

ಮಾಮಾ ಮುಖ ತಿರುಗಿಸಿ ಗೋಡೆಯ ಕಡೆ ನಿಂತರು. ಆಕೆಗೆ ಅವರು ಒಂದೇ ಒಂದು ಪಿರಿಯಡ್ಡು ಪಾಠ ಮಾಡಿರಲಿಲ್ಲ. ಇನ್ನು ಮುಂದೆ ಮಾಡುವಂತೆಯೂ ಇರಲಿಲ್ಲ.