ಹಿಂದಿನ ಚಕ್ರ ಒಂದೋ ಎರಡೋ

‘ನನಗೆ ಗೊತ್ತಿಲ್ಲ’ ಎಂದು ಹೇಳುವುದಕ್ಕೆ ಬೇಕಾದ ಧೈರ್ಯ ನನಗೆ ಐವತ್ತು ದಾಟಿದರೂ ಬಂದಿಲ್ಲ. ಇದರಲ್ಲಿ ಅರ್ಧ ತಪ್ಪು ನನ್ನದು, ಅರ್ಧ ನಮ್ಮ ಮನೆಯವರದು. ಕುರಿ ಕಾಯ್ದುಕೊಂಡು, ರಾಗಿ ಟೊಮೊಟೊ ಬೆಳೆದುಕೊಂಡು ಬಂದ ಮನೆಯಲ್ಲಿ ಒಬ್ಬನೇ ಒಬ್ಬ ಓದಿ ಸಂಬಳಕ್ಕೆ ಸೇರಿಬಿಟ್ಟರೆ, ಅವನಿಗೆ ತಿಳಿಯದ ವಿಷಯವೇ ಇಲ್ಲವೆಂದು ಉಳಿದವರು ನಂಬಿಬಿಡುತ್ತಾರೆ. ಮನೆಮಾತು ಕನ್ನಡವಾದರೂ ನಾನು ತಮಿಳುನಾಡಿನ ಪಾಲಕೋಡಿನ ಒಂದು ಶಾಲೆಯಲ್ಲಿ ಮಕ್ಕಳಿಗೆ ತಮಿಳಿನಲ್ಲಿ ಭೂಗೋಳ ಹೇಳಿಕೊಡುವವನು. ಮಾನ್ಸೂನ್ ಮಾರುತಗಳ ಬಗ್ಗೆ ಕೇಳಿದರೆ ಅರ್ಧ ಗಂಟೆ ಮಾತಾಡಬಲ್ಲೆ. ಆದರೆ ಮನೆಯಲ್ಲಿ ಯಾರೂ ಮಾರುತಗಳ ಬಗ್ಗೆ ಕೇಳುವುದಿಲ್ಲ. ಬೋರ್‌ವೆಲ್ ಎಲ್ಲಿ ಹಾಕಿಸಬೇಕು, ಮಿಕ್ಸಿ ಯಾವುದು ತರಬೇಕು, ಕುರಿ ಕೆಮ್ಮಿದರೆ ಏನು ಕುಡಿಸಬೇಕು, ಇಂಥವನ್ನೇ ಕೇಳುತ್ತಾರೆ. ನಾನು ಕನ್ನಡಕ ಒರೆಸಿಕೊಂಡು, ಇದಕ್ಕೆ ಎರಡು ಮುಖಗಳಿವೆ ಎಂದು ಶುರು ಮಾಡುತ್ತೇನೆ. ಎರಡೂ ಮುಖಗಳನ್ನು ವಿವರಿಸಿ ಮುಗಿಸುವಷ್ಟರಲ್ಲಿ ಯಾರಾದರೂ ಹೋಗಿ ಮಿಕ್ಸಿ ತಂದಿರುತ್ತಾರೆ. ಅದು ಚೆನ್ನಾಗಿದ್ದರೆ ಅಣ್ಣ ಹೇಳಿದ್ದು ಎನ್ನುತ್ತಾರೆ, ಕೆಟ್ಟರೆ ಅಂಗಡಿಯವನನ್ನು ಬೈಯುತ್ತಾರೆ. ಇಷ್ಟು ವರ್ಷ ನನ್ನ ಮರ್ಯಾದೆ ಉಳಿದದ್ದು ಹೀಗೆ.

ತಮ್ಮ ಮಾದೇಶನ ಗಾಡಿ ಮಾತ್ರ ಹಾಗೆ ತಾನಾಗಿಯೇ ಇತ್ಯರ್ಥವಾಗಲಿಲ್ಲ. ಅವನು ಹದಿನೈದು ವರ್ಷದಿಂದ ಬೇರೆಯವರ ಪಿಕಪ್ ಓಡಿಸುತ್ತಿದ್ದವನು. ಮಾರಂಡಹಳ್ಳಿ ಸುತ್ತಿನ ತೋಟಗಳ ಟೊಮೊಟೊ ತುಂಬಿಕೊಂಡು ಸೇಲಂ ಮಾರ್ಕೆಟ್ಟಿಗೆ ಹಾಕಿ ಬರುವುದು, ಸಂತೆಯ ದಿನ ಕುರಿ ಸಾಗಿಸುವುದು ಅವನ ಕೆಲಸ. ಈ ಸಲ ಸ್ವಂತಕ್ಕೆ ಒಂದು ಹಳೆಯ ಗಾಡಿ ತೆಗೆದುಕೊಳ್ಳಲು ಹೊರಟ. ಧರ್ಮಪುರಿಯ ಹೊರಗೆ ಹಳೆಯ ಗಾಡಿ ಮಾರುವವನ ಬಯಲಿನಲ್ಲಿ ಎರಡು ಬಿಳಿ ಪಿಕಪ್‌ಗಳು ಅಕ್ಕಪಕ್ಕ ನಿಂತಿದ್ದವು. ಒಂದಕ್ಕೆ ಹಿಂದೆ ಎಡಕ್ಕೊಂದು ಬಲಕ್ಕೊಂದು ಚಕ್ರ, ಸಿಂಗಲ್ ವೀಲ್. ಇನ್ನೊಂದಕ್ಕೆ ಎಡಕ್ಕೆ ಜೋಡಿ, ಬಲಕ್ಕೆ ಜೋಡಿ, ಡಬಲ್ ವೀಲ್. ಒಂದು ವಾರದಲ್ಲಿ ಹೇಳಿ ಎಂದು ಮಾರುವವನು ಗಡುವು ಕೊಟ್ಟ. ಮಾದೇಶ ನೇರವಾಗಿ ನನ್ನ ಹತ್ತಿರ ಬಂದು, ಸಿಂಗಲ್ಲೋ ಡಬಲ್ಲೋ ನೀನೇ ತೀರ್ಮಾನ ಮಾಡು ಅಂದ. ಅವನ ಹೆಂಡತಿ ಸರೋಜ ಅಡುಗೆಮನೆಯ ಬಾಗಿಲಲ್ಲಿ ನಿಂತು ನನ್ನ ಮುಖವನ್ನೇ ನೋಡುತ್ತಿದ್ದಳು.

ಅವಳು ಹಾಗೆ ನೋಡಲು ಕಾರಣವಿತ್ತು. ಧರ್ಮಪುರಿಯಿಂದ ಸೇಲಂಗೆ ಹೋಗುವಾಗ ತೊಪ್ಪೂರಿನ ಘಾಟಿ ಇಳಿಯಬೇಕು. ಹಿಂದಿನ ವರ್ಷ ಆ ಇಳಿಜಾರಿನಲ್ಲಿ, ಯಾರದೋ ಸಿಂಗಲ್ ವೀಲ್ ಗಾಡಿಗೆ ಟೊಮೊಟೊ ಹೇರಿಕೊಂಡು ಹೋಗುತ್ತಿದ್ದಾಗ, ಮಾದೇಶನ ಗಾಡಿಯ ಹಿಂದಿನ ಟೈರು ಸಿಡಿದಿತ್ತು. ಗಾಡಿ ರಸ್ತೆ ಪಕ್ಕದ ಮಣ್ಣಿನ ದಿಬ್ಬಕ್ಕೆ ಒರಗಿ ನಿಂತಿತು. ಅವನಿಗೆ ಏನೂ ಆಗಲಿಲ್ಲ, ಆದರೆ ಉರುಳಿ ಒಡೆದ ಕ್ರೇಟುಗಳನ್ನೆಲ್ಲ ಎತ್ತಿ ಹಾಕಿದ್ದರಿಂದ ಅಂಗಿ ತುಂಬ ಟೊಮೊಟೊ ರಸ ಮೆತ್ತಿಕೊಂಡು ಮನೆಗೆ ಬಂದ. ಅವನನ್ನು ಕಂಡು ನಮ್ಮವ್ವ ಅಂಗಳದಲ್ಲೇ ಕುಸಿದು ಕೂತಳು. ಸರೋಜ ಮಾತ್ರ ಕೂಗಲೂ ಇಲ್ಲ, ಅಳಲೂ ಇಲ್ಲ. ಹತ್ತಿರ ಹೋಗಿ ಅಂಗಿಯನ್ನು ಮೂಸಿ ನೋಡಿ, ಬಿಸಿನೀರು ಕಾಯಿಸಲು ಒಳಗೆ ಹೋದಳು. ಅವತ್ತಿನಿಂದ ನಮ್ಮ ಮನೆಯಲ್ಲಿ ತೊಪ್ಪೂರು ಎಂಬ ಹೆಸರನ್ನು ಯಾರೂ ಜೋರಾಗಿ ಹೇಳುವುದಿಲ್ಲ. ಅಂದಮೇಲೆ ನನ್ನನ್ನು ಕೇಳಿದ್ದು ಬರೀ ಚಕ್ರದ ಲೆಕ್ಕವಲ್ಲ ಎಂದು ನನಗೂ ಗೊತ್ತಿತ್ತು. ಗೊತ್ತಿದ್ದರಿಂದಲೇ ಭಯವಾಯಿತು. ಭಯವಾದಾಗ ನಾನು ಅಧ್ಯಯನ ಶುರು ಮಾಡುತ್ತೇನೆ.

ಬಸ್ಸಿನ ಕಿಟಕಿಯಲ್ಲಿ ಕೂತು, ಎದುರಾದ ಪಿಕಪ್‌ಗಳನ್ನೆಲ್ಲ ಒಂದು ನೋಟ್‌ಬುಕ್ಕಿನಲ್ಲಿ ಗೆರೆ ಹಾಕಿ ಗುರುತಿಸಿದೆ. ಎಡಗಡೆ ಸಿಂಗಲ್, ಬಲಗಡೆ ಡಬಲ್. ಎರಡು ದಿನದಲ್ಲಿ ಎರಡೂ ಕಡೆ ಹೆಚ್ಚುಕಡಿಮೆ ಸಮನಾದವು, ನನ್ನ ಹಣೆಬರಹ. ಟೀ ಅಂಗಡಿಗಳ ಮುಂದೆ ನಿಂತ ಗಾಡಿಗಳ ಹಿಂದೆ ಬಗ್ಗಿ ನೋಡುವ ಅಭ್ಯಾಸವೂ ಆಯಿತು. ಕಂತು ಕಟ್ಟದ ಗಾಡಿ ಹಿಡಿಯಲು ಬಂದವನೆಂದು ಭಾವಿಸಿ ಒಬ್ಬ ಡ್ರೈವರ್ ನನ್ನನ್ನು ಕಂಡದ್ದೇ ಅರ್ಧ ಟೀ ಬಿಟ್ಟು ಗಾಡಿ ಹತ್ತಿ ಓಡಿದ. ನನ್ನ ಹೆಂಡತಿ ಇದನ್ನೆಲ್ಲ ಕೇಳಿ, ಹೆಣ್ಣು ನೋಡಲು ಬಂದ ದಿನ ತಲೆ ಎತ್ತದೆ ಖಾರ ಬೂಂದಿಯನ್ನೇ ನೋಡುತ್ತಿದ್ದ ಮನುಷ್ಯ ಇವರೇನಾ ಎಂದು ಸರೋಜಳ ಹತ್ತಿರ ಹೇಳಿದಳಂತೆ. ಆ ದಿನವೂ ನಾನು ಮನೆಗೆ ಬಂದು ಎರಡು ಮುಖಗಳಿವೆ ಎಂದೇ ಹೇಳಿದ್ದೆ. ಮದುವೆಗೆ ಒಪ್ಪಿದವರು ನಮ್ಮಪ್ಪ.

ಕೊನೆಗೆ ಅದಿಯಮಾನ್‌ಕೋಟೆಯ ಹತ್ತಿರ ಹೆದ್ದಾರಿ ಪಕ್ಕದಲ್ಲಿ ಟೈರ್ ಪಂಕ್ಚರ್ ಹಾಕುವ ಒಬ್ಬ ಮುದುಕನ ಬಳಿಗೆ ಹೋದೆ. ಅವನು ಕೆಲಸ ನಿಲ್ಲಿಸದೆಯೇ ತಮಿಳಿನಲ್ಲಿ ಪಾಠ ಮಾಡಿದ. ಜೋಡಿ ಚಕ್ರದಲ್ಲಿ ಒಂದು ಹೋದರೆ ಇನ್ನೊಂದು ಮನೆ ಸೇರಿಸುತ್ತದೆ. ಆದರೆ ಒಳಗಿನದು ಗಾಳಿ ಬಿಟ್ಟದ್ದು ಹೊರಗಿಂದ ಕಾಣುವುದಿಲ್ಲವಾದ್ದರಿಂದ ಕಡೆಗೆ ಎರಡೂ ಹಾಳಾಗುತ್ತವೆ. ಎರಡರ ಸಂದಿಯಲ್ಲಿ ಕಲ್ಲು ಸಿಕ್ಕಿಕೊಂಡರೆ ಕಬ್ಬಿಣದ ಸಲಾಕೆ ಹಾಕಿ ಮೀಟಬೇಕು, ಇಲ್ಲದಿದ್ದರೆ ಹಿಂದೆ ಬರುವವನ ಗಾಜಿಗೆ ಹಾರುತ್ತದೆ. ಒಂಟಿ ಚಕ್ರ ಹಗುರ, ಡೀಸೆಲ್ ಕಡಿಮೆ ಕುಡಿಯುತ್ತದೆ, ಸಂದುಗೊಂದಿಗೂ ಹೋಗುತ್ತದೆ, ಆದರೆ ಭಾರ ತಡೆಯುವುದಕ್ಕೆ ಮಿತಿಯಿದೆ. ನಾನು ಎಲ್ಲವನ್ನೂ ಬರೆದುಕೊಂಡೆ. ಹಾಗಾದರೆ ತೊಪ್ಪೂರಿಗೆ ಡಬಲ್ಲೇ ಕ್ಷೇಮ ಅಲ್ಲವೇ ಎಂದು ಕೇಳಿದೆ. ಮುದುಕ ಮೊದಲ ಸಲ ತಲೆ ಎತ್ತಿದ.

“ಡಬಲ್ ವಾಂಗುನವನ್ ಡಬಲಾ ಏತ್ತುವಾನ್ ಸಾರ್” ಅಂದ. ಡಬಲ್ ಕೊಂಡವನು ಡಬಲ್ಲಾಗಿಯೇ ಹೇರುತ್ತಾನೆ.

ಅದನ್ನೂ ಬರೆದುಕೊಂಡೆ. ಆದರೆ ಯಾವ ಕಡೆ ಬರೆಯಬೇಕೆಂದು ತಿಳಿಯದೆ ಎಡಕ್ಕೂ ಬಲಕ್ಕೂ ನಡುವೆ ಬರೆದೆ.

ಗಡುವಿಗೆ ಎರಡು ದಿನ ಉಳಿದಾಗ ಮನೆಯವರನ್ನೆಲ್ಲ ಕೂರಿಸಿಕೊಂಡು ನೋಟ್‌ಬುಕ್ಕಿನಿಂದ ಓದಿ ಹೇಳಿದೆ. ಮಾದೇಶ ಆಕಳಿಸಿದ. ಮಧ್ಯದಲ್ಲೇ ನಮ್ಮವ್ವನಿಗೆ ತಾಳ್ಮೆ ಕೆಟ್ಟಿತು. “ಸಾಕು ಬಿಡ್ಲಾ. ನಿಮ್ಮಪ್ಪ ಬದುಕಿದ್ದಾಗ ಇಷ್ಟೊತ್ಗೆ ಟಗರು ಕೇಳಿ ಮುಗಿಸ್ತಿದ್ದ” ಅಂದಳು. ಇದು ನಮ್ಮಲ್ಲಿ ನಡೆದು ಬಂದ ಪದ್ಧತಿ. ಮನೆದೇವರ ಕಲ್ಲಿನ ಮುಂದೆ ಟಗರನ್ನು ನಿಲ್ಲಿಸಿ, ಅದರ ತಲೆಯ ಮೇಲೂ ಬೆನ್ನಿನ ಮೇಲೂ ಅರಿಸಿನ ನೀರು ಸುರಿದು, ಮನಸ್ಸಿನಲ್ಲಿದ್ದದ್ದನ್ನು ದೇವರಿಗೆ ಅರಿಕೆ ಮಾಡಿಕೊಳ್ಳುತ್ತೇವೆ. ಟಗರು ಮೈ ಒದರಿದರೆ ದೇವರು ಒಪ್ಪಿದ ಹಾಗೆ. ಒದರುವವರೆಗೆ ಕಾಯಬೇಕು. ಒದರಿದ ಮೇಲೆ ಅದೇ ವಿಷಯವನ್ನು ಇನ್ನೊಮ್ಮೆ ಕೇಳುವ ಹಾಗಿಲ್ಲ, ಕೇಳಿದರೆ ದೇವರ ಮಾತನ್ನು ಅನುಮಾನಿಸಿದಂತಾಗುತ್ತದೆ. ನಾನು ಓದಿದವನು, ಇಂಥದ್ದನ್ನು ನಂಬಬಾರದು. ಆದರೆ ಹೊಣೆ ನನ್ನ ತಲೆಯಿಂದ ಟಗರಿನ ತಲೆಗೆ ಹೋಗುವುದಾದರೆ ನಂಬಿಕೆಯ ಚರ್ಚೆ ಆಮೇಲೆ ಮಾಡಬಹುದು ಅನ್ನಿಸಿ ತಕ್ಷಣ ಒಪ್ಪಿಬಿಟ್ಟೆ.

ಮರುದಿನ ಬೆಳಿಗ್ಗೆ ಬೇವಿನ ಮರದ ಕೆಳಗೆ ಟಗರನ್ನು ನಿಲ್ಲಿಸಿದೆವು. ಹಿರಿಯ ಮಗನಾದ್ದರಿಂದ ಅರಿಕೆ ಮಾಡಿಕೊಳ್ಳುವವನು ನಾನೇ. ಅವ್ವ ನೀರು ಸುರಿದಳು. ನಾನು ಕೈ ಮುಗಿದು, ಶಾಲೆಯ ಪ್ರಶ್ನೆಪತ್ರಿಕೆಯಷ್ಟು ಸ್ಪಷ್ಟವಾಗಿ, “ಸಾಮೀ, ಸಿಂಗಲ್ ವೀಲ್ ತಗೋಬೇಕಾ, ಡಬಲ್ ವೀಲ್ ತಗೋಬೇಕಾ, ನೀನೇ ಯೋಳಪ್ಪ” ಅಂದೆ. ಟಗರು ನನ್ನನ್ನು ನೋಡಿತು. ಬೇವಿನ ಎಲೆ ತಿಂದಿತು. ಅವ್ವ ಇನ್ನೊಂದು ಚೊಂಬು ಸುರಿದಳು. ಶಾಲೆಗೆ ಹೊತ್ತಾಗುತ್ತಿದೆ ಎಂದು ನಾನು ಗಡಿಯಾರ ನೋಡಿಕೊಳ್ಳುವ ಹೊತ್ತಿಗೆ ಟಗರು ಕೊಂಬಿನಿಂದ ಬಾಲದವರೆಗೆ ಮೈ ಒದರಿದ ರಭಸಕ್ಕೆ ನನ್ನ ಬಿಳಿ ಅಂಗಿಯೆಲ್ಲ ಅರಿಸಿನವಾಯಿತು. ಅವ್ವ ಕಣ್ಣು ಒರೆಸಿಕೊಂಡಳು. ಮಾದೇಶ ಕರ್ಪೂರ ಹಚ್ಚಿದ. ನಾನು ಆರು ದಿನದ ಭಾರ ಇಳಿದವನಂತೆ ಉಸಿರು ಬಿಟ್ಟೆ.

ಸರೋಜ ಮೆಲ್ಲಗೆ ಕೇಳಿದಳು: “ಯಾವುದಕ್ಕೆ ಒದರ್ತು, ಬಾವ?”

ಟಗರಿಗೆ ಹೂಂ ಅನ್ನಲು ಬರುತ್ತದೆ, ಅಷ್ಟೇ. ನಮ್ಮ ಹಿರಿಯರು ಮಳೆಗೆ ಮುಂಚೆ ಮಂದೆ ಎಬ್ಬಿಸಲೇ, ಈ ಹುಡುಗಿಯನ್ನು ತರಲೇ ಎಂದು ಹೂಂ ಅನ್ನಬಹುದಾದ ಒಂದೊಂದೇ ಮಾತು ಕೇಳಿದರು. ಓದು ಬರಹ ಬಾರದ ಅವರಲ್ಲಿ ಒಬ್ಬರೂ ಮಾಡದ ತಪ್ಪನ್ನು, ವರ್ಷಕ್ಕೆ ನಾಲ್ಕು ಪ್ರಶ್ನೆಪತ್ರಿಕೆ ತೆಗೆಯುವ ನಾನು ಮಾಡಿದ್ದೆ. ದೇವರ ಮುಂದೆಯೂ ಎರಡು ಮುಖ ಇಟ್ಟಿದ್ದೆ. ಮತ್ತೆ ಕೇಳುವ ಹಾಗಿಲ್ಲ. ಮಾದೇಶ ಡಬಲ್ಲಿಗೇ ಒದರಿದ್ದು, ಅಷ್ಟು ಜೋರಾಗಿ ಸಿಂಗಲ್ಲಿಗೆ ಯಾರು ಒದರುತ್ತಾರೆ ಎಂದ. ಅವ್ವ ನನ್ನನ್ನು ಬಯ್ಯಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ಸಂಜೆ ನಾನು ಶಾಲೆಯಿಂದ ಬಂದಾಗ ಸರೋಜ ನಮ್ಮ ಮನೆಗೆ ಬರುವ ಓಣಿಯಲ್ಲಿ ಟೊಮೊಟೊ ಕ್ರೇಟುಗಳನ್ನು ಅಡ್ಡಕ್ಕೆ ಸಾಲಾಗಿ ಜೋಡಿಸುತ್ತಿದ್ದಳು. ಒಂದು ಕಡೆ ಪಕ್ಕದ ಮನೆಯ ಕಲ್ಲುಗೋಡೆ, ಇನ್ನೊಂದು ಕಡೆ ನಮ್ಮ ಕುರಿದೊಡ್ಡಿ. ಎರಡೂ ಗಾಡಿಗಳ ಅಗಲವನ್ನು ಅವಳು ಆಗಲೇ ಮಾದೇಶನಿಂದ ಕೇಳಿಕೊಂಡಿದ್ದಳು. ಡಬಲ್ ಈ ಓಣಿಗೆ ಹಿಡಿಸುವುದಿಲ್ಲ, ಸಿಂಗಲ್ ಹಿಡಿಸುತ್ತದೆ, ಒಂದು ಕ್ರೇಟಿನಷ್ಟು ಜಾಗವೂ ಮಿಗುತ್ತದೆ ಎಂದು ಹೇಳಿದಳು. ಓಣಿ ಚಿಕ್ಕದೆಂದರೆ ರಸ್ತೆಯಲ್ಲೇ ನಿಲ್ಲಿಸಬಹುದಲ್ಲ ಎಂದು ನಾನು ಎರಡನೆಯ ಮುಖ ತೆರೆಯಲು ಹೋದೆ.

“ರಸ್ತೇಲಿ ನಿಂತ್ರೆ ಎಷ್ಟು ಏರ್ತಾರೆ ಅಂತ ನಂಗೆ ಕಾಣಾಕಿಲ್ಲ, ಬಾವ” ಅಂದಳು. “ಅವತ್ತು ಟೈರು ಒಂದೇ ಅಂತ ಒಡೀಲಿಲ್ಲ. ಎಂಬತ್ತು ಕ್ರೇಟು ಏರಿದ್ರು. ಗಾಡಿ ಅಂಗಳಕ್ಕೆ ಬಂದ್ರೆ ನಾನು ಎಣಿಸ್ತೀನಿ. ಅರವತ್ತಕ್ಕೆ ಮೇಲೆ ಬ್ಯಾಡ ಅಂತ ನೀವು ಒಂದು ಮಾತು ಯೋಳಿ. ನಾ ಯೋಳಿದ್ರೆ ನಗ್ತಾರೆ. ನಿಮ್ ಮಾತು ಮೀರಾಕಿಲ್ಲ.”

ಇಷ್ಟು ದಿನ ಚಕ್ರ ಎಣಿಸಿದ ನನಗೆ ಎಣಿಸಬೇಕಾದದ್ದು ಕ್ರೇಟು ಎಂದು ಹೊಳೆದಿರಲಿಲ್ಲ. ಮುದುಕ ಹೇಳಿದ್ದೂ ಅದನ್ನೇ, ನಾನು ನಡುವೆ ಬರೆದಿಟ್ಟುಕೊಂಡಿದ್ದೆ. ಆ ರಾತ್ರಿ ಊಟಕ್ಕೆ ಕೂತಾಗ ಮಾದೇಶನಿಗೆ ಸಿಂಗಲ್ಲೇ ತಗೋ, ಅರವತ್ತು ಕ್ರೇಟಿಗಿಂತ ಹೇರಬೇಡ ಎಂದು ಹೇಳಿದೆ. ಕಾರಣ ಕೇಳುತ್ತಾನೆಂದು ಎರಡು ಪುಟ ಸಿದ್ಧ ಮಾಡಿಕೊಂಡಿದ್ದೆ. ಅವನು “ಆಯ್ತಣ್ಣ” ಅಂದು ಇನ್ನೊಂದು ಮುದ್ದೆ ಹಾಕಿಸಿಕೊಂಡ. ಜೀವಮಾನದಲ್ಲಿ ನಾನು ಒಂದೇ ಮುಖ ಹೇಳಿದ್ದು ಅದೊಂದೇ ಸಲ. ಅದೂ ನನ್ನ ಸ್ವಂತದ್ದಲ್ಲ.

ಗಾಡಿ ಬಂತು. ಮೊದಲ ಲೋಡಿನ ದಿನ ಪೂಜೆ ಮಾಡಿ, ನಾಲ್ಕು ಚಕ್ರಕ್ಕೂ ನಿಂಬೆಹಣ್ಣಿಟ್ಟು, ಅಂಗಳದಲ್ಲೇ ತುಂಬಿದರು. ಸರೋಜ ಹೊಸ್ತಿಲಲ್ಲಿ ನಿಂತು ಎಣಿಸಿದಳು. ಅರವತ್ತು ಮುಗಿದ ಮೇಲೂ ಮಾದೇಶ ಇನ್ನೆರಡು ಕ್ರೇಟು ಎತ್ತಿ ಮೇಲಿಟ್ಟು ನನ್ನ ಕಡೆ ತಿರುಗಿದ. “ಎರಡೇ ಅಲ್ವಾಣ್ಣ?” ಅಂದ. ಸ್ವಂತ ಗಾಡಿಯ ಮೊದಲ ದಿನ, ಅವನ ಮುಖದಲ್ಲಿ ಅಷ್ಟೊಂದು ಖುಷಿಯಿತ್ತು. ಸರೋಜ ನನ್ನನ್ನು ನೋಡಿದಳು. ನಾನು ಕನ್ನಡಕ ತೆಗೆದು ಒರೆಸುತ್ತಾ, ಹಾಗೆ ನೋಡಿದರೆ ಎರಡು ಕ್ರೇಟಿನಿಂದ ಅಂಥದ್ದೇನೂ ಆಗುವುದಿಲ್ಲ, ಆದರೆ ಇನ್ನೊಂದು ರೀತಿಯಲ್ಲಿ ನೋಡಿದರೆ ಎಂದು ಶುರು ಮಾಡಿದೆ.

ಸರೋಜ ಸೆರಗು ಸಿಕ್ಕಿಸಿಕೊಂಡು ಗಾಡಿ ಹತ್ತಿದಳು. ಎರಡೂ ಕ್ರೇಟನ್ನು ಇಳಿಸಿ ತಂದು ನನ್ನ ಕಾಲ ಬಳಿ ಇಟ್ಟಳು. “ನೀವು ಎಂಗಿದ್ರೂ ಪಾಲಕೋಡ್‌ಗೆ ಓಗ್ತೀರಲ್ಲ ಬಾವ, ಇವನ್ನ ಬಸ್ಸಲ್ಲಿ ತಗೊಂಡೋಗಿ ಮಾರ್ಕೆಟ್ಟಿಗೆ ಆಕ್ಬುಡಿ” ಎಂದು ಯಾವ ಕೋಪವೂ ಇಲ್ಲದೆ ಹೇಳಿ ಒಳಗೆ ಹೋದಳು. ಮಾದೇಶ ಅರವತ್ತರೊಂದಿಗೆ ಹೊರಟ. ಅವತ್ತು ಸುಖವಾಗಿ ಇಳಿದು, ಸುಖವಾಗಿ ಬಂದ, ಈಗಲೂ ಬರುತ್ತಿದ್ದಾನೆ. ನಾನು ಶಾಲೆಯ ಬ್ಯಾಗು ಹೆಗಲಿಗೆ ಹಾಕಿಕೊಂಡು, ಒಂದೊಂದೇ ಕ್ರೇಟು ಎತ್ತಿ ಬಸ್ ಸ್ಟಾಪಿಗೆ ಹೊತ್ತೆ. ಬಸ್ಸಿನಲ್ಲಿ ನನ್ನ ಒಂಬತ್ತನೇ ಕ್ಲಾಸಿನ ಅರ್ಧ ಮಕ್ಕಳಿದ್ದರು. ಕಂಡಕ್ಟರ್ ಕ್ರೇಟುಗಳನ್ನೂ ನನ್ನನ್ನೂ ನೋಡಿ, ಲಗೇಜ್ ಟಿಕೆಟ್ ಹರಿದು ಕೊಟ್ಟು, ಇವನ್ನು ಮುಂದೆ ಇಡುತ್ತೀರೋ ಹಿಂದೆ ಇಡುತ್ತೀರೋ ಎಂದು ತಮಿಳಿನಲ್ಲಿ ಕೇಳಿದ. ಮಕ್ಕಳೆಲ್ಲ ನನ್ನ ಉತ್ತರಕ್ಕೆ ಕಾದರು.

ನೀವೇ ಹೇಳಿ ಅಂದೆ.