ಕಂಟ್ರಾಕ್ಟರ್ ಸಾಹೇಬರ ಧರ್ಮದ ಕೆಲಸ

ಒಳ್ಳೆಯ ಕೆಲಸಕ್ಕೆ ಕೈ ಹಾಕಿದವರನ್ನು ನೋಡಿ ಊರು ಒಮ್ಮೆಯಾದರೂ ನಗುತ್ತದೆ. ಬಾಯಿಮಾತಿನ ಉಪಕಾರವಾದರೆ ಜನ ಮರೆತಾರು. ಕಲ್ಲು ಸಿಮೆಂಟಿನಲ್ಲಿ ಮಾಡಿದ್ದು ಹಾದಿಬದಿಗೆ ನಿಂತು ವರ್ಷಗಟ್ಟಲೆ ನಗಿಸುತ್ತಲೇ ಇರುತ್ತದೆ. ಎಪ್ಪತ್ತರ ದಶಕದಲ್ಲಿ ನಾನು ಬಸವನ ಬಾಗೇವಾಡಿಯ ಒಬ್ಬ ಕಂಟ್ರಾಕ್ಟರ್ ಹತ್ತಿರ ಮೇಸ್ತ್ರಿಯಾಗಿದ್ದೆ. ಅವರ ಅಪ್ಪ ಕಲ್ಲು ಒಡೆದು ಬದುಕಿದವರು. ಇವರು ಸರ್ಕಾರಿ ಕಟ್ಟಡಗಳ ಗುತ್ತಿಗೆ ಹಿಡಿದು ಮೇಲೆ ಬಂದರು. ಬಂದ ಮೇಲೆ ವರ್ಷಕ್ಕೊಂದು ಕಟ್ಟಡವನ್ನು ಯಾವುದಾದರೂ ಊರಿಗೆ ಪುಕ್ಕಟೆ ಕಟ್ಟಿಕೊಡುವ ನೇಮ ಹಿಡಿದರು. ಆರಡಿ ಆಳು, ಬಿಳಿ ಧೋತರ, ಕೈಯಲ್ಲಿ ಸದಾ ಅಳತೆಯ ಟೇಪು. ಅಳತೆ ಎಂದೂ ತಪ್ಪಲಿಲ್ಲ. ತಪ್ಪಿದ್ದೆಲ್ಲ ಬೇರೆ.

ನಿಲ್ಲದ ಬಸ್ಸು

ಸಿಂದಗಿ ರಸ್ತೆಯ ಒಂದು ಹಳ್ಳಿಯಲ್ಲಿ ಜನ ಬೇವಿನ ಗಿಡದ ಕೆಳಗೆ ಮಣ್ಣಿನಲ್ಲೇ ಕುಳಿತು ಬಸ್ಸಿಗೆ ಕಾಯುತ್ತಿದ್ದರು. ಸಾಹೇಬರಿಗೆ ಮರುಕ ಬಂತು. ಅಲ್ಲಿಂದ ಇನ್ನೂರು ಹೆಜ್ಜೆ ಈಚೆಗೆ ಜಾಗ ಸಿಕ್ಕಿತು. ನಾಲ್ಕು ಕಲ್ಲಿನ ಬೆಂಚು ಹಾಕಿ, ಮೇಲೆ ಛಾವಣಿ ಹೊದಿಸಿ ಛಂದದ ತಂಗುದಾಣ ಕಟ್ಟಿಸಿದರು. ಒಬ್ಬರೂ ಬಂದು ಕೂರಲಿಲ್ಲ.

"ಯಾಕ್ರಪಾ, ಇಷ್ಟ್ ಛಲೋ ಕಟ್ಟಿಸೇನಿ, ನೀವು ಗಿಡದ ಬುಡಕ್ಕ ಕುಂತೀರಲ್ಲ?"

"ಬಸ್ಸು ಇಲ್ಲೇ ನಿಂದರತೈತ್ರಿ."

ಸಾಹೇಬರು ಡ್ರೈವರನನ್ನು ಹಿಡಿದರು. ಅವನೆಂದ: "ಮಂದಿ ಇದ್ದಲ್ಲಿ ನಿಂದರಸ್ತೇನ್ರಿ. ಖಾಲಿ ಬೆಂಚು ಹತ್ತಿಸ್ಕೊಂಡು ಹೋಗ್ಲೇನು?"

ಮೂರು ದಿನ ಅತ್ತಿಂದಿತ್ತ ಅಲೆದು ಸಾಹೇಬರು ಸೋತರು. ಹಾಳಾಗಲಿ ಎಂದು ಬೇವಿನ ಗಿಡಕ್ಕೇ ಒಂದು ಕಟ್ಟೆ ಕಟ್ಟಿಸಿಬಿಟ್ಟರು. ಮರುದಿನದಿಂದ ಊರ ಹಿರಿಯರೆಲ್ಲ ಆ ಕಟ್ಟೆ ಹಿಡಿದು ಇಸ್ಪೀಟು ಶುರುಮಾಡಿದರು. ಪ್ರಯಾಣಿಕರು ಕೂರಲು ಜಾಗವಿಲ್ಲದೆ ತಂಗುದಾಣಕ್ಕೆ ಬಂದರು, ಬಸ್ಸೂ ಅಲ್ಲೇ ನಿಂತಿತು.

ಸಾಹೇಬರು ಎದೆಯುಬ್ಬಿಸಿ ನನಗೆ ಹೇಳಿದರು: "ನೋಡಪಾ, ಕಡೀಗೆ ಮಂದಿಗೆ ಬುದ್ಧಿ ಬಂತು."

ಡ್ರೈವರ್ ಕಿಟಕಿಯಿಂದ ತಲೆ ಹೊರಹಾಕಿದ. "ಬುದ್ಧಿ ಅಲ್ರಿ ಸಾಹೇಬ್ರ, ಅಲ್ಲಿ ಇಸ್ಪೀಟಿನ ಗದ್ದಲ ಭಾಳ ಆಗೈತಿ!"

ಎತ್ತರದ ಹಲಗೆ

ಇಂಡಿ ತಾಲ್ಲೂಕಿನ ತಾಂಬಾದಲ್ಲಿ ಶಾಲೆಗೆ ಪಾಠದ ಖೋಲಿಯೊಂದು ಬೇಕಾಗಿತ್ತು. ಸಾಹೇಬರು ಸಾಲಿ ಕಲಿತವರಲ್ಲ. ಅದಕ್ಕೇ ಅವರಿಗೆ ಆ ಕೆಲಸದ ಮೇಲೆ ಜೀವ. ಗೋಡೆಯ ಮೇಲಿನ ಸಿಮೆಂಟಿನ ಕಪ್ಪು ಹಲಗೆಯನ್ನು ಯಾರ ಕೈಗೂ ಬಿಡದೆ ತಾವೇ ಮಾಡಿದರು, ತಮ್ಮ ಕೈ ಎತ್ತರಕ್ಕೆ. ಅಲ್ಲಿ ಪಾಠ ಹೇಳುತ್ತಿದ್ದ ಅಕ್ಕೋರು ಗಿಡ್ಡ. ಕೆಳಗಿನ ಎರಡು ಸಾಲಷ್ಟೇ ಅವರ ಕೈಗೆ ಎಟುಕಿತು.

"ಮ್ಯಾಲಿಂದು ಯಾರಿಗ್ರಿ? ಸಾಲಿ ತಪಾಸಣೆಗೆ ಬರೋ ಸಾಹೇಬ್ರಿಗೇನು?" ಎಂದರು ಅಕ್ಕೋರು.

ಸಾಹೇಬರಿಗೆ ನಾಚಿಕೆಯಾಗಿ, ಹಲಗೆಯ ಕೆಳಗೆ ಎರಡಡಿಯ ಕಟ್ಟೆ ಹಾಕಿಸಿದರು. ಕಟ್ಟೆ ಒಣಗುವುದರೊಳಗೆ ಅಕ್ಕೋರಿಗೆ ವರ್ಗವಾಯಿತು. ಅವರ ಜಾಗಕ್ಕೆ ಬಂದ ಮಾಸ್ತರರು ನಮ್ಮ ಸಾಹೇಬರಿಗಿಂತ ಎರಡು ಬೆರಳು ಹೆಚ್ಚು ಎತ್ತರ. ಆ ಬದಿಗೆ ತಗಡಿನ ಛಾವಣಿ ಇಳಿಜಾರು. ಮೊದಲ ದಿನ ಮಾಸ್ತರರು ಕಟ್ಟೆ ಹತ್ತಿದ್ದೇ ತಡ, ತಲೆ ತಾಕಿ ತಗಡು ಢಣ್ ಎಂದಿತು. ಸಾಲಿ ಬಿಟ್ಟ ಗಂಟೆಯೆಂದು ತಿಳಿದು ಮಕ್ಕಳೆಲ್ಲ ಪಾಟಿ ಚೀಲ ಎತ್ತಿಕೊಂಡು ಮನೆಗೆ ಓಡಿದರು.

ಎತ್ತಿಗೆ ನೀರು

ಮುದ್ದೇಬಿಹಾಳ ಕಡೆಯ ನಾಲತವಾಡದಲ್ಲಿ ಸಂತೆಗೆ ಬರುವ ದನಗಳಿಗೆಂದು ನೀರಿನ ತೊಟ್ಟಿ ಕಟ್ಟಿಸಿದೆವು. ಪೂಜೆಯಾಯಿತು, ಕಾಯಿ ಒಡೆಯಿತು. ಮೊದಲ ನೀರಿಗೆ ಒಬ್ಬ ರೈತ ತನ್ನ ಜೋಡೆತ್ತು ತಂದು ನಿಲ್ಲಿಸಿದ. ಎತ್ತುಗಳು ಮೂಸಿ ನೋಡಿ ಮುಖ ತಿರುಗಿಸಿದವು.

"ಹೊಸ ಸಿಮೆಂಟಿನ ವಾಸನಿ ಹಿಡದೈತ್ರಿ," ಎಂದ ರೈತ.

"ಎಂಥಾ ವಾಸನಿ? ನೀರು ಅಮೃತ ಇದ್ದಂಗ ಐತಿ," ಎನ್ನುತ್ತ ಸಾಹೇಬರು ಧೋತರ ಎತ್ತಿ ಕಟ್ಟಿ, ಎತ್ತಿನ ಪಕ್ಕದಲ್ಲೇ ಬಗ್ಗಿ, ಬೊಗಸೆಯಲ್ಲಿ ಮೂರು ಸಲ ಕುಡಿದು ತೋರಿಸಿದರು. ಆಮೇಲೆ ಮೆಲ್ಲಗೆ ಮುಖ ಹುಳಿ ಮಾಡಿದರು.

ಸೊಪ್ಪು ಮಾರುತ್ತಿದ್ದ ಮುದುಕಿ ಕೂತಲ್ಲಿಂದಲೇ ರೈತನಿಗೆ ಕೂಗಿ ಹೇಳಿದಳು: "ಎತ್ತು ಹಂಗೇ ಒಯ್ಯೋ ತಮ್ಮಾ, ಅದು ಶಾಣ್ಯಾ ಐತಿ!"

ಉದ್ಘಾಟನೆ

ಸಾಹೇಬರು ತಮ್ಮ ಅವ್ವನನ್ನು ಬಾಗೇವಾಡಿಯಲ್ಲಿ ಮಣ್ಣು ಮಾಡಿದ ಮರುದಿನ ಸ್ಮಶಾನಕ್ಕೆ ಹೋದಾಗ, ನಾಯಿಗಳು ಹಸಿ ಮಣ್ಣು ಕೆದರುತ್ತಿದ್ದವು. ಕಲ್ಲು ಹೊಡೆದು ಓಡಿಸಿ, ಎರಡೂ ಕೈಯಿಂದ ಮಣ್ಣು ಸರಿಮಾಡಿ ಬಂದರು. ಮೂರನೆಯ ದಿನ ನನ್ನನ್ನು ಕರೆದು, "ಸ್ಮಶಾನಕ್ಕ ಗ್ವಾಡಿ ಹಾಕೂಣು. ಹಂಗ ಪಕ್ಕದ ಕಬರಸ್ತಾನಕ್ಕೂ," ಎಂದರು. ಅಷ್ಟು ಮನಸ್ಸಿಟ್ಟು ಮಾಡಿಸಿದ ಕೆಲಸ ಬೇರೊಂದಿಲ್ಲ. ಎರಡಕ್ಕೂ ಒಂದೇ ಎತ್ತರದ ಗೋಡೆ, ಗೋಡೆಗೆ ನುಣುಪಾಗಿ ಬಳಿದ ಸಿಮೆಂಟಿನ ಗಿಲಾವು, ಒಂದೇ ಥರದ ಕಬ್ಬಿಣದ ಬಾಗಿಲು.

ಉದ್ಘಾಟನೆಗೆ ಮಾತ್ರ ಯಾರೂ ಒಪ್ಪಲಿಲ್ಲ. ಪುಢಾರಿಯೊಬ್ಬರು, "ಮುಂದ ಇಲೆಕ್ಷನ್ ಐತ್ರಿ, ಅಪಶಕುನ ಆದೀತು," ಎಂದರು. ಡಾಕ್ಟರರು ಕೈ ಮುಗಿದುಬಿಟ್ಟರು: "ಸ್ಮಶಾನದ ಬಾಗಿಲು ನಾನ ತೆರದ್ರ, ನಾಳೆ ನನ್ನ ದವಾಖಾನಿಗೆ ಯಾರು ಬರ್ತಾರ್ರಿ?"

ಕೊನೆಗೆ ಎಂಬತ್ತು ದಾಟಿದ ಒಬ್ಬ ಮುದುಕ ಗೌಂಡಿ ಸಿಕ್ಕರು. ಸಾಹೇಬರಿಗೆ ಚಿಕ್ಕಂದಿನಲ್ಲಿ ಕರಣಿ ಹಿಡಿದು ಗೋಡೆ ಕಟ್ಟಲು ಕಲಿಸಿದ ಮುಸಲ್ಮಾನ ಹಿರಿಯರು. "ರಿಬ್ಬನ್ ನಾ ಕತ್ತರಸ್ತೇನಿ ತಗೋ," ಎಂದರು.

ಸ್ವಾಗತ ಭಾಷಣಕ್ಕೆ ಊರಿನ ಹೆಡ್‌ಮಾಸ್ತರರು. ಗ್ರಂಥಾಲಯವಿರಲಿ, ಹಾಲಿನ ಡೇರಿಯಿರಲಿ, ಅವರದು ಒಂದೇ ಭಾಷಣ. ಅಂದೂ ಕಣ್ಣು ಮುಚ್ಚಿ ಅದನ್ನೇ ಹೇಳಿದರು: "ಇಂಥ ಸುಸಜ್ಜಿತ ಸೌಕರ್ಯ ನಮ್ಮೂರಿಗೆ ಒದಗಿದೆ. ನಾಗರಿಕರೆಲ್ಲರೂ ಕುಟುಂಬ ಸಮೇತರಾಗಿ, ಆದಷ್ಟು ಬೇಗ ಬಂದು ಇದರ ಸದುಪಯೋಗ ಪಡೆಯಬೇಕು. ಇಂದಿನ ಮುಖ್ಯ ಅತಿಥಿಗಳಿಂದಲೇ ಅದು ಆರಂಭವಾಗಲಿ!"

ಜನರೆಲ್ಲ ಮುದುಕ ಗೌಂಡಿಯ ಕಡೆ ತಿರುಗಿದರು. ಸಾಹೇಬರ ಮುಖ ಬೆಳ್ಳಗಾಯಿತು.

ಮುದುಕ ಗೌಂಡಿ ಕತ್ತರಿ ಕೆಳಗಿಟ್ಟರು. ಕೋಲೂರಿಕೊಂಡು ಗೋಡೆಯ ಹತ್ತಿರ ಹೋದರು. ಬೆರಳ ಗೆಣ್ಣಿನಿಂದ ಎರಡು ಸಲ ಕುಟ್ಟಿದರು, ಕಿವಿಯಿಟ್ಟು ಕೇಳಿದರು, ಅಂಗೈಯಿಂದ ಸವರಿದರು. ಆಮೇಲೆ ಹೆಡ್‌ಮಾಸ್ತರರ ಕಡೆ ತಿರುಗಿ ನಿಧಾನವಾಗಿ ಹೇಳಿದರು:

"ಗಿಲಾವು ಇನ್ನಾ ಹಸಿ ಐತ್ರಿ ಮಾಸ್ತರ. ಪೂರಾ ಒಣಗಲಿ. ಅಲ್ಲೀತನಕಾ ನಾ ಮನ್ಯಾಗ ಇರ್ತೇನಿ."