ಅಲ್ಮೇರದಷ್ಟು ಕಂಪ್ಯೂಟರಿಗೆ ಕರೆಂಟು ಕೊಟ್ಟಿದ್ದು

ನಾನು ಮೋಟಾರ್ ರಿವೈಂಡಿಂಗ್ ಮಾಡೋನು. ಹೊಸನಗರದಿಂದ ತೀರ್ಥಹಳ್ಳಿವರೆಗೆ ನಾನು ಕೈಯಿಟ್ಟ ಮೇಲೆ ತಿರುಗದ ಪಂಪ್‌ಸೆಟ್ಟಿಲ್ಲ. ಇಷ್ಟು ಹುಷಾರಿದ್ದವನ ಹತ್ತಿರವೇ ಇಂಥ ಫಜೀತಿಗಳು ವಿಳಾಸ ಕೇಳಿಕೊಂಡು ಬರುತ್ತವೆ.

೧. ಎರಡು ದಿನ

ಸಾಗರದಿಂದ ಒಬ್ಬ ನಿವೃತ್ತ ಆಪರೇಟರ್ ಸಾಹೇಬರು ಕರೆಸಿದರು. ನಡುಮನೆಯಲ್ಲಿ ಅಲ್ಮೇರದಷ್ಟು ಎತ್ತರದ ಕಬ್ಬಿಣದ ಪೆಟ್ಟಿಗೆ.

"ಬೀಗ ಒಡೆಯೋ ಕೆಲಸ ಮಾಡಲ್ಲ ಸಾರ್" ಅಂದೆ.

"ಇದು ಕಂಪ್ಯೂಟರ್ ಮಾರಾಯ. ನಾನು ಕೆಲಸಕ್ಕೆ ಸೇರಿದಾಗ ಇಡೀ ಆಫೀಸಿಗೆ ಇದೊಂದೇ. ಗುಜರಿಗೆ ಹಾಕೋಕೆ ಹೊರಟಿದ್ರು, ಮನೆಗೆ ತಂದೆ."

ಒಳಗಿನ ಕರೆಂಟ್ ವೈರುಗಳನ್ನು ಇಲಿ ತಿಂದು ಮುಗಿಸಿತ್ತು. ಮುಂದೆ ಸಾಲಾಗಿ ಸಣ್ಣ ಕೆಂಪು ದೀಪಗಳು. ಅವು ಹತ್ತುವುದನ್ನು ಇನ್ನೊಂದು ಸಲ ನೋಡಬೇಕು, ಅಷ್ಟೇ ಅವರ ಆಸೆ.

"ಬೇಗ ಆಗ್ಬೇಕು. ಮಳೆಗಾಲದವರೆಗೆ ಕಣ್ಣು ಕಾಣಬಹುದು, ಆಮೇಲೆ ಹೇಳೋಕಾಗಲ್ಲ ಅಂದಿದಾರೆ ಡಾಕ್ಟ್ರು."

"ಎರಡು ದಿನ ಸಾರ್. ಮೂರನೇ ದಿನ ಆದ್ರೆ ನನ್ನ ಹೆಸರು ಬದಲಾಯಿಸಿ."

ಇದು ಯುಗಾದಿಗೆ ಮೊದಲು ಆಡಿದ ಮಾತು. ಮುಂಗಾರು ಹಿಡಿಯುವ ಹೊತ್ತಿಗೆ ಸಾಹೇಬರ ಹೆಂಡತಿ, ನಾನು ಅಮ್ಮ ಅಂತ ಕರೆಯೋದು, ಬಾಗಿಲು ತೆಗೆದು ಒಳಗೆ ಕೂಗಿ ಹೇಳುತ್ತಿದ್ದರು, "ಇಕಾ, ಎರಡು ದಿನ ಬಂದ."

೨. ಕಪ್ಪು ವೈರು

"ವೈರಿಂಗಿನ ನಕ್ಷೆ ಇದೆ, ನೋಡ್ಕೋ" ಅಂದಿದ್ದರು ಸಾಹೇಬರು. ನಕ್ಷೆ ನೋಡೋದು ಕೆಲಸ ಬಾರದವರು ಅಂದೆ. ನಮ್ಮ ಮನೆಗಳ ವೈರಿಂಗಿನಲ್ಲಿ ಕಪ್ಪು ಅಂದರೆ ನ್ಯೂಟ್ರಲ್, ಕರೆಂಟು ವಾಪಸ್ ಹೋಗುವ ವೈರು. ಹಾಗೇ ಜೋಡಿಸಿದೆ. ಅದು ಅಮೆರಿಕದ ಮಿಷನ್ನು, ಅಲ್ಲಿ ಕರೆಂಟು ಬರುವುದೇ ಕಪ್ಪಿನಲ್ಲಂತೆ, ನ್ಯೂಟ್ರಲ್ ಬಿಳಿಯಂತೆ. ಸ್ವಿಚ್ ಆಫ್ ಮಾಡಿದರೂ ಒಳಗೆಲ್ಲ ಕರೆಂಟು ಇತ್ತು. ಕೈ ಹಾಕಿದ್ದಷ್ಟೇ ನೆನಪು. ಆಮೇಲೆ ನೋಡಿದರೆ ಎದುರು ಗೋಡೆಗೆ ಒರಗಿ ಕೂತಿದ್ದೆ.

"ಎಂತ, ಅಲ್ಲಿ ಹೋಗಿ ಕೂತ್ಬಿಟ್ಟೆ?" ಅಂದರು ಅಮ್ಮ.

"ಇಲ್ಲಿಂದ ವೈರಿಂಗ್ ಚೆನ್ನಾಗಿ ಕಾಣ್ತದೆ ಅಮ್ಮ."

೩. ಬಿಳಿ ವೈರು

ನಾಚಿಕೆಗೆ ಒಂದೂವರೆ ತಿಂಗಳು ಆ ಕಡೆ ತಲೆ ಹಾಕಲಿಲ್ಲ. ಫೋನ್ ಬಂದರೆ ಪಂಪ್‌ಸೆಟ್ ಕೆಲಸ ಅಂತ ಸುಳ್ಳು. ಕೊನೆಗೆ ಹೋದೆ, ನಕ್ಷೆ ಬಿಡಿಸಿಕೊಂಡೇ ಕೂತೆ. ಸಾಹೇಬರು ಪಕ್ಕದಲ್ಲಿ ಕೂತು ತಡಕಿ ತಡಕಿ ಬಿಳಿ ವೈರಿನ ತುಂಡು ಕೊಡುತ್ತಿದ್ದರು. ಒಂದನ್ನು ಸುಲಿಯಲು ಹೋದೆ, ಒಳಗೆ ತಾಮ್ರವೇ ಇಲ್ಲ.

"ಸಾರ್, ಇದು ಬಟ್ಟೆ ಒಣಗಿಸೋ ಪ್ಲಾಸ್ಟಿಕ್ ಹಗ್ಗ."

ಅವರು ಅದನ್ನು ವಾಪಸ್ ಇಸಿದುಕೊಂಡು ಬೆರಳಲ್ಲಿ ಸವರಿದರು. "ಗೊತ್ತು. ನಿಂಗೆ ಗೊತ್ತಾಗ್ತದಾ ಅಂತ ನೋಡ್ದೆ."

ನಾನು ನಕ್ಕೆ. ಅಮ್ಮ ನಗಲಿಲ್ಲ.

೪. ಸ್ವಿಚ್ಚು

ಕಡೆಗೂ ಕೆಲಸ ಮುಗಿಯಿತು. ಕಪ್ಪು, ಬಿಳಿ ನಾಲ್ಕು ಸಲ ನೋಡಿದ್ದೆ. ಸಾಹೇಬರು ಇಸ್ತ್ರಿ ಶರಟು ಹಾಕಿಕೊಂಡು ಎದುರಿಗೆ ಕುರ್ಚಿಯಲ್ಲಿ ಕೂತರು. ಮುಖ ಕಿಟಕಿಯ ಕಡೆ ಇತ್ತು. ಅಮ್ಮ ಕುರ್ಚಿಯನ್ನು ಮಿಷನ್ನಿನ ಕಡೆ ತಿರುಗಿಸಿದರು.

"ಹಾಕ್ತೀನಿ ಸಾರ್" ಅಂತ ಬಗ್ಗಿದೆ. ಜೇಬಿನ ಟೆಸ್ಟರ್ ಟಕ್ಕಂತ ನೆಲಕ್ಕೆ ಬಿತ್ತು.

"ಹತ್ತಿತು" ಅಂದರು ಸಾಹೇಬರು. "ಅದೇ ಕೆಂಪು. ಒಂದೂ ಬಿಟ್ಟಿಲ್ಲ. ನೋಡೇ."

ನಾನಿನ್ನೂ ಸ್ವಿಚ್ ಮುಟ್ಟಿರಲಿಲ್ಲ.

ಅಮ್ಮ ನನ್ನ ಮುಖ ನೋಡಿದರು. "ಹೌದು, ಎಷ್ಟು ಚೆಂದ" ಅಂದರು.

ಸದ್ದಾಗದ ಹಾಗೆ ಸ್ವಿಚ್ ಒತ್ತಿದೆ. ದೀಪಗಳೆಲ್ಲ ಹತ್ತಿದವು. ಒಳಗಿನ ಫ್ಯಾನು ಗುಂಯ್ ಅಂದಿತು. ಸಾಹೇಬರು ಕತ್ತು ವಾಲಿಸಿ ಕೇಳಿದರು.

"ಫ್ಯಾನು ತಡವಾಗಿ ಬಂತಲ್ಲ. ದೀಪ, ಫ್ಯಾನು ಒಟ್ಟಿಗೇ ಬರ್ಬೇಕು. ಮತ್ತೆ ವೈರಿಂಗ್ ತಪ್ಪು ಮಾಡಿದ್ಯಾ ಮಾರಾಯ?"

ಹುಟ್ಟಿದಾಗಿನಿಂದ ತಪ್ಪು ಒಪ್ಪಿಕೊಂಡವನಲ್ಲ ನಾನು.

"ಹೌದು ಸಾರ್, ನಂದೇ ತಪ್ಪು" ಅಂದೆ. "ಎರಡು ದಿನದಲ್ಲಿ ಸರಿ ಮಾಡ್ತೀನಿ."